ಉಕ್ಕಿನ ತೊಲೆ, ಮರದ ಜಂತೆ, ಮತ್ತು ನಡುವಿನ ಕಂಬದ ಲೆಕ್ಕ

ವರ್ಕ್‌ಶಾಪಿನೊಳಗೆ ಒಂದು ಅಟ್ಟ ಹಾಕಬೇಕು ಅನ್ನುವುದು ನನ್ನ ಹಳೆಯ ಆಸೆ. ಶೆಡ್ಡಿನ ಒಳಗಿನ ಅಳತೆ 6 ಮೀಟರ್ ಉದ್ದ, 5 ಮೀಟರ್ ಅಗಲ. ಎತ್ತರ ಧಾರಾಳವಾಗಿದೆ. ಕೆಳಗೆ ಮೆಷಿನ್‌ಗಳು ಇರಲಿ, ಮೇಲೆ ಮರದ ತುಂಡುಗಳು, ಪೆಟ್ಟಿಗೆಗಳು, ಒಂದು ಕೆಲಸದ ಮೇಜು ಇರಲಿ ಅಂತ. 5 ಮೀಟರ್ ಅಗಲಕ್ಕೆ ಗೋಡೆಯಿಂದ ಗೋಡೆಗೆ ಒಂದೇ ಮರದ ಜಂತೆ ಹಾಕಲು ಹೋದರೆ ಅದು ತುಂಬಾ ದಪ್ಪ ಆಗಬೇಕು. ಅಷ್ಟು ದಪ್ಪದ ಒಳ್ಳೆ ಮರ ಸಿಕ್ಕರೂ ನಡುವೆ ಜಗ್ಗುತ್ತದೆ. ಹಾಗಾಗಿ ಶೆಡ್ಡಿನ ಉದ್ದಕ್ಕೆ ನಟ್ಟನಡುವೆ ಒಂದು ಉಕ್ಕಿನ ಐ ಬೀಮ್ (ಇಂಗ್ಲಿಷಿನ I ಆಕಾರದ ತೊಲೆ) ಹಾಕಿ, ಅದರಿಂದ ಎರಡೂ ಕಡೆಯ ಗೋಡೆಗೆ 2.5 ಮೀಟರ್‌ನ ಚಿಕ್ಕ ಜಂತೆಗಳನ್ನು ಹಾಕುವುದು ಅಂತ ತೀರ್ಮಾನ ಮಾಡಿದೆ.

ಬೀಮ್ 200 ಮಿ.ಮೀ. ಎತ್ತರದ್ದು. ಫ್ಲೇಂಜ್, ಅಂದರೆ I ಆಕಾರದ ಮೇಲಿನ ಮತ್ತು ಕೆಳಗಿನ ಅಡ್ಡ ಪಟ್ಟಿ, 100 ಮಿ.ಮೀ. ಅಗಲ. ಮೀಟರಿಗೆ ಸುಮಾರು 25 ಕೆ.ಜಿ. ತೂಗುತ್ತದೆ. ಗೋಡೆಗಳ ನಡುವೆ ಕೂರಲಿ ಅಂತ 5.95 ಮೀಟರ್‌ಗೆ ಕತ್ತರಿಸಿದೆವು. ಲೆಕ್ಕಕ್ಕೆ ಮಾತ್ರ 6 ಅಂತಲೇ ಹಿಡಿದೆ.

ಮೊದಲು ನನ್ನ ತಲೆಯಲ್ಲಿ ಇದ್ದದ್ದು ನಡುವೆ ಕಂಬವೇ ಇಲ್ಲದ ಅಟ್ಟ. ಎರಡು ತುದಿಯಲ್ಲಿ ಎರಡು ಕಂಬ, ಕೆಳಗೆ ಪೂರ್ತಿ ಖಾಲಿ ಜಾಗ. ನೋಡಲು ಎಷ್ಟು ಚೆಂದ ಅಲ್ವಾ? ಲೆಕ್ಕ ಮಾಡಿದ ಮೇಲೆ ಆ ಚೆಂದ ಹೋಯಿತು.

ಅಟ್ಟದ ಮೇಲೆ ಇಡುವ ಸಾಮಾನು ಮತ್ತು ಜನ ಸೇರಿ ಒಂದು ಚದರ ಮೀಟರ್‌ಗೆ 300 ಕೆ.ಜಿ. ಅಂತ ಹಿಡಿದೆ. ಜಂತೆ, ಹಲಗೆ ಇವುಗಳ ಸ್ವಂತ ತೂಕಕ್ಕೆ 60. ಒಟ್ಟು 360. ಪ್ರತಿ ಜಂತೆಯ ಅರ್ಧ ಭಾರ ಗೋಡೆಗೆ ಹೋಗುತ್ತದೆ, ಉಳಿದರ್ಧ ಬೀಮಿಗೆ. ಅಂದರೆ ಬೀಮಿನ ಒಂದೊಂದು ಕಡೆಯಿಂದ 1.25 ಮೀಟರ್ ಅಗಲದ ನೆಲ, ಎರಡೂ ಸೇರಿ 2.5 ಮೀಟರ್. 360 ಗುಣಿಸು 2.5 ಅಂದರೆ ಮೀಟರಿಗೆ 900 ಕೆ.ಜಿ. ಬೀಮಿನ ತೂಕವೂ ಸೇರಿ 925. 6 ಮೀಟರ್‌ಗೆ ಒಟ್ಟು 5550 ಕೆ.ಜಿ. ಐದೂವರೆ ಟನ್! ಒಂದು ಅಟ್ಟಕ್ಕೆ ಇಷ್ಟಾ ಅನ್ನಿಸಿತು. ಆದರೆ ಮರದ ತುಂಡು ಪೇರಿಸುವವರ ಚಾಳಿ ನನಗೆ ಗೊತ್ತು. ಖಾಲಿ ಜಾಗ ಕಂಡರೆ ನಾವು ಬಿಡುವುದಿಲ್ಲ.

ಈ ಭಾರಕ್ಕೆ 6 ಮೀಟರ್ ಉದ್ದ ಒಂದೇ ನೆಗೆತದಲ್ಲಿ ದಾಟಿದರೆ ಈ ಬೀಮು ನಡುವೆ 34 ಮಿ.ಮೀ. ಜಗ್ಗುತ್ತದೆ. ಉದ್ದದ 360ನೇ ಒಂದು ಭಾಗ, ಅಂದರೆ 17 ಮಿ.ಮೀ. ಒಳಗಿದ್ದರೆ ನೆಲ ಗಟ್ಟಿ ಅನ್ನಿಸುತ್ತದೆ. ಅದರ ದುಪ್ಪಟ್ಟು ಬಂತು. ಉಕ್ಕಿನ ಮೇಲಿನ ಒತ್ತಡವೂ ಚದರ ಮಿಲಿಮೀಟರ್‌ಗೆ 183 ನ್ಯೂಟನ್. 250ರಲ್ಲಿ ಸೋಲುವ ಸಾಮಾನ್ಯ ಉಕ್ಕಿಗೆ ಸುರಕ್ಷತೆ ಕಳೆದು 165ರ ಆಸುಪಾಸಿನಲ್ಲಿ ನಿಲ್ಲಿಸುವುದು ಹಳೆಯ ಪದ್ಧತಿ. ಎರಡೂ ಕಡೆ ಫೇಲ್.

ದೊಡ್ಡ ಬೀಮ್ ತರಬಹುದಿತ್ತು. ಆದರೆ ಎತ್ತುವವರು ಯಾರು? ನಾನು ಮತ್ತು ನನ್ನ ತಮ್ಮ, ಇಬ್ಬರೇ. ಹಾಗಾಗಿ ನಡುವೆ ಒಂದು ಕಂಬ ಬಂತು. ದೂರ ಅರ್ಧ ಆದರೆ ಜಗ್ಗುವುದು ಅರ್ಧ ಆಗುವುದಿಲ್ಲ, ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತದೆ. 34 ಇದ್ದದ್ದು 2 ಮಿ.ಮೀ. ಆಯಿತು. ಬೀಮ್ ನಡುವಿನ ಕಂಬದ ಮೇಲೆ ತುಂಡಾಗದೆ ಒಂದೇ ಉದ್ದಕ್ಕೆ ಹೋಗುವುದರಿಂದ 1 ಮಿ.ಮೀ.ಗಿಂತಲೂ ಕಡಿಮೆ. ಈ ಒಂದು ಕಂಬಕ್ಕೆ ಒಂದು ಮೆಷಿನ್ ಜಾಗ ಬದಲಿಸಬೇಕಾಯಿತು, ಅಷ್ಟೇ.

ನಡುವಿನ ಕಂಬಕ್ಕೆ ಅರ್ಧ ಅಲ್ಲ

ಇಲ್ಲಿ ನಾನು ಎಡವಿದ್ದನ್ನು ಹೇಳಲೇಬೇಕು. ನಡುವಿನ ಕಂಬಕ್ಕೆ ಎಷ್ಟು ಭಾರ ಬರುತ್ತದೆ? ಸುಲಭ ಅಂದುಕೊಂಡೆ. ಒಟ್ಟು 5550ರಲ್ಲಿ ಅರ್ಧ ನಡುವೆ, ಉಳಿದರ್ಧ ಎರಡು ತುದಿಗೆ ಹಂಚಿಕೆ. 2775 ಕೆ.ಜಿ. ಅಂತ ಬರೆದುಕೊಂಡೆ. ಕೆಲಸ ಶುರು ಮಾಡುವ ಮೊದಲು ಕಾಗದವನ್ನು ಪರಿಚಯದ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿದೆ.

"ಬೀಮ್ ನಡುವಿನ ಕಂಬದ ಮೇಲೆ ಎರಡು ತುಂಡಾ, ಒಂದೇನಾ?" ಅಂತ ಕೇಳಿದರು.

"ಒಂದೇ ಉದ್ದ ಸಾರ್."

"ಹಾಗಾದರೆ ಅರ್ಧ ಅಲ್ಲ, ಎಂಟರಲ್ಲಿ ಐದು ಭಾಗ. ಮತ್ತೆ ಹಾಕಿ ನೋಡಿ."

ಎಂಟರಲ್ಲಿ ಐದು ಅಂದರೆ 3470 ಕೆ.ಜಿ. ನಾನು ಬರೆದಿದ್ದಕ್ಕಿಂತ ಸುಮಾರು 700 ಕೆ.ಜಿ. ಜಾಸ್ತಿ. ತುದಿಯ ಕಂಬಗಳಿಗೆ ತಲಾ 1040 ಮಾತ್ರ.

ಯಾಕೆ ಹೀಗೆ ಅನ್ನುವುದು ಮೊದಲು ತಲೆಗೆ ಹೋಗಲಿಲ್ಲ. ಆಮೇಲೆ ಹೀಗೆ ಯೋಚಿಸಿದೆ. ನಡುವಿನ ಕಂಬ ಇಲ್ಲ ಅಂದುಕೊಳ್ಳಿ. ಬೀಮ್ 34 ಮಿ.ಮೀ. ಜಗ್ಗಿ ನಿಂತಿದೆ. ಈಗ ಕೆಳಗೆ ಒಂದು ಜಾಕ್ ಇಟ್ಟು ಅದನ್ನು ಮತ್ತೆ ಸಮಕ್ಕೆ ಎತ್ತಬೇಕು. ಎಷ್ಟು ಬಲ ಬೇಕು? ಈ ಬೀಮನ್ನು ನಡುವಿನಿಂದ 1 ಮಿ.ಮೀ. ಎತ್ತಲು ಸುಮಾರು 100 ಕೆ.ಜಿ. ಬಲ ಬೇಕು. 34 ಮಿ.ಮೀ.ಗೆ ಹತ್ತಿರ ಹತ್ತಿರ 3470 ಕೆ.ಜಿ. ಆ ಜಾಕಿನ ಜಾಗದಲ್ಲಿ ಈಗ ಕಂಬ ನಿಂತಿದೆ. ಹಾಗಾಗಿ ಆ ಭಾರ ಕಂಬದ್ದು.

ಈ ಲೆಕ್ಕದಿಂದ ಇನ್ನೊಂದು ವಿಷಯ ಗೊತ್ತಾಯಿತು. ನನಗೆ ಅದೇ ಹೆಚ್ಚು ಉಪಯೋಗಕ್ಕೆ ಬಂತು. ನಡುವಿನ ಕಂಬ ತುದಿಯವುಗಳಿಗಿಂತ 1 ಮಿ.ಮೀ. ಎತ್ತರ ಕೂತರೆ ಅದರ ಮೇಲೆ ಇನ್ನೂ 100 ಕೆ.ಜಿ. ಬೀಳುತ್ತದೆ. 5 ಮಿ.ಮೀ. ಎತ್ತರ ಕೂತರೆ ಅರ್ಧ ಟನ್! ಅದೇ ಕಂಬ 5 ಮಿ.ಮೀ. ಕುಸಿದರೆ ಆ ಅರ್ಧ ಟನ್ ತುದಿಗಳಿಗೆ ಓಡುತ್ತದೆ. ಕಣ್ಣಂದಾಜಿನಲ್ಲಿ ಲೆವೆಲ್ ನೋಡಿದರೆ ಸಾಕು ಅಂದುಕೊಂಡಿದ್ದವನು ಆವತ್ತೇ ಟ್ಯೂಬ್ ಲೆವೆಲ್ (ನೀರು ತುಂಬಿ ಮಟ್ಟ ನೋಡುವ ಕೊಳವೆ) ತೆಗೆದು ತೊಳೆದಿಟ್ಟೆ.

ಕಂಬ ನಜ್ಜಾಗುವುದಿಲ್ಲ, ಬಳುಕುತ್ತದೆ

ನನ್ನ ಹತ್ತಿರ 50×50 ಮಿ.ಮೀ. ಚೌಕದ ಕೊಳವೆಗಳು ಬಿದ್ದಿದ್ದವು. 2 ಮಿ.ಮೀ. ದಪ್ಪದ ಗೋಡೆ. ಕೈಯಲ್ಲಿದ್ದದ್ದನ್ನು ಬಳಸೋಣ ಅಂತ ಆಸೆ. ಉಕ್ಕು ಎಷ್ಟಿದೆ ನೋಡೋಣ: ಕತ್ತರಿಸಿದ ಮುಖದಲ್ಲಿ 384 ಚದರ ಮಿ.ಮೀ. ಒಂದೊಂದಕ್ಕೂ 250 ನ್ಯೂಟನ್ ಅಂದರೆ 96,000 ನ್ಯೂಟನ್, ಸುಮಾರು 9.8 ಟನ್. ನಮಗೆ ಬೇಕಿರುವುದು ಮೂರೂವರೆ ಟನ್. ಸಾಕಲ್ವಾ?

ಸಾಲದು. ಪೊರಕೆ ಕಡ್ಡಿಯನ್ನು ನೆಲಕ್ಕೆ ಊರಿ ಮೇಲಿನಿಂದ ಬೆರಳಲ್ಲಿ ಒತ್ತಿ ನೋಡಿ. ಅದು ನಜ್ಜಾಗುವುದಿಲ್ಲ, ಪಕ್ಕಕ್ಕೆ ಬಾಗುತ್ತದೆ. ಅದೇ ಕಡ್ಡಿಯನ್ನು ಒಂದಿಂಚು ಮುರಿದು ಒತ್ತಿ. ಬೆರಳಿಗೆ ಚುಚ್ಚುತ್ತದೆಯೇ ಹೊರತು ಬಾಗುವುದಿಲ್ಲ. ಉದ್ದದ ಕಂಬ ಸೋಲುವುದು ಹೀಗೆ ಬಾಗಿಯೇ. ಇದರ ಲೆಕ್ಕವನ್ನು ಗಣಿತಜ್ಞ ಲಿಯೊನ್ಹಾರ್ಡ್ ಆಯ್ಲರ್ 1744ರಲ್ಲೇ ಮಾಡಿಟ್ಟಿದ್ದಾನೆ. ಅದರಲ್ಲಿ ಉಕ್ಕು ಎಷ್ಟು ಒತ್ತಡಕ್ಕೆ ಸೋಲುತ್ತದೆ ಅನ್ನುವ ಮಾತೇ ಬರುವುದಿಲ್ಲ. ಬರುವುದು ಅದು ಎಷ್ಟು ಬಿಗಿ (ಅಂದರೆ ಸುಲಭಕ್ಕೆ ಬಾಗದೆ ಎಷ್ಟು ಸೆಟೆದಿರುತ್ತದೆ), ನಡುವಿನಿಂದ ಎಷ್ಟು ದೂರಕ್ಕೆ ಹರಡಿದೆ, ಮತ್ತು ಕಂಬ ಎಷ್ಟು ಉದ್ದ ಅನ್ನುವುದು. ಉದ್ದ ದುಪ್ಪಟ್ಟಾದರೆ ಹೊರುವ ಶಕ್ತಿ ಕಾಲು ಭಾಗಕ್ಕೆ ಬೀಳುತ್ತದೆ.

ನನ್ನ ಕಂಬದ ಎತ್ತರ 2.4 ಮೀಟರ್. 50ರ ಕೊಳವೆ ಬಾಗುವ ಭಾರ 5.2 ಟನ್ ಅಂತ ಬಂತು. ಕಾಗದದ ಮೇಲೆ ನಮ್ಮ 3.47ಕ್ಕಿಂತ ಜಾಸ್ತಿಯೇ. ಆದರೆ ಆಯ್ಲರನ ಕಂಬ ಪೂರ್ತಿ ನೇರ, ಭಾರ ಸರಿಯಾಗಿ ನಟ್ಟನಡುವೆ ಬೀಳುತ್ತದೆ. ನನ್ನ ಕೊಳವೆಯನ್ನು ನೆಲದ ಮೇಲೆ ಮಲಗಿಸಿ ದಾರ ಹಿಡಿದರೆ ನಡುವೆ 3 ಮಿ.ಮೀ. ಬಾಗು ಕಾಣಿಸಿತು. ಬೀಮ್ ಕೂರುವುದೂ ನಾಲ್ಕೈದು ಮಿಲಿಮೀಟರ್ ಆಚೀಚೆ. ಒಂದೂವರೆ ಪಟ್ಟು ಶಕ್ತಿ ಇವೆಲ್ಲದರಲ್ಲೇ ಕರಗುತ್ತದೆ. ಕೆಳಗೆ ನಾವು ಓಡಾಡುತ್ತೇವೆ. ಒಂದು ದಿನ ಯಾರಾದರೂ ಟ್ರಾಲಿ ತಂದು ಕಂಬಕ್ಕೆ ಗುದ್ದುವುದೂ ಖಂಡಿತ.

80×80 ಮಿ.ಮೀ., 4 ಮಿ.ಮೀ. ದಪ್ಪದ ಕೊಳವೆ ತಂದೆ. ಉಕ್ಕು ಮೂರು ಪಟ್ಟು ಜಾಸ್ತಿ, ಆದರೆ ಬಾಗುವ ಭಾರ ಎಂಟು ಪಟ್ಟು ಜಾಸ್ತಿ: 40 ಟನ್. ಈ ಗಾತ್ರಕ್ಕೆ ಬಂದರೆ ಬಾಗುವ ಮೊದಲೇ ಉಕ್ಕು ಸೋಲುತ್ತದೆ, ಹಾಗಾಗಿ 40 ಅನ್ನುವುದನ್ನು ಹಾಗೇ ನಂಬಬಾರದು. ಸುರಕ್ಷತೆಯ ಪಾಲೆಲ್ಲ ಕಳೆದ ಮೇಲೂ 10 ಟನ್ ಹೊರುತ್ತದೆ. ಬೇಕಾದ್ದಕ್ಕಿಂತ ಜಾಸ್ತಿ ಆಯಿತು, ನಿಜ. ಕಂಬದ ವಿಷಯದಲ್ಲಿ ನನಗೆ ಜಿಪುಣತನ ಇಷ್ಟವಿಲ್ಲ. ಬೀಮ್ ಸೋಲುವಾಗ ಜಗ್ಗಿ, ಕಿರುಗುಟ್ಟಿ ಹೇಳುತ್ತದೆ. ಕಂಬ ಹೇಳದೆ ಕೇಳದೆ ಮಡಚಿಕೊಳ್ಳುತ್ತದೆ.

ಮರದ ಕಂಬ ಯಾಕಲ್ಲ ಅಂತ ತಮ್ಮ ಕೇಳಿದ. ಹಾಕಬಹುದು. ನಾರಿನ ಉದ್ದಕ್ಕೆ ಮರ ಚೆನ್ನಾಗಿಯೇ ಹೊರುತ್ತದೆ. ಆದರೆ ಕಂಬದ ತಲೆಯ ಮೇಲೆ ಲೆವೆಲ್ ಸರಿ ಮಾಡಲು ಅಂತ ಒಂದು ಅಡ್ಡ ಮರದ ಹಲಗೆ ಇಟ್ಟು, ಅದರ ಮೇಲೆ ಬೀಮ್ ಕೂರಿಸುವುದನ್ನು ಹಲವು ಕಡೆ ನೋಡಿದ್ದೇನೆ. ಅದು ತಪ್ಪು. ಅಡ್ಡ ನಾರಿನ ಮೇಲೆ ಅಷ್ಟು ಭಾರ ಬಿದ್ದರೆ ಮರ ಒತ್ತಿ ಕುಗ್ಗುತ್ತದೆ, ಒಣಗಿದಾಗ ಇನ್ನೂ ಕುಗ್ಗುತ್ತದೆ. ಒಂದೊಂದು ಮಿಲಿಮೀಟರ್‌ಗೆ 100 ಕೆ.ಜಿ. ಅನ್ನುವ ಲೆಕ್ಕ ನೆನಪಿದೆಯಲ್ಲ?

ಪಾಯ

ಶೆಡ್ಡಿನ ನೆಲ 100 ಮಿ.ಮೀ. ಕಾಂಕ್ರೀಟು, ಕೆಳಗೆ ಮಣ್ಣು. ಅದರ ಮೇಲೆ ಮೂರೂವರೆ ಟನ್ ಇಟ್ಟರೆ ನೆಲ ಬಿರಿಯುತ್ತದೆ. ಕತ್ತರಿಸಿ ತೆಗೆದು ಬೇರೆ ಪಾಯ ಹಾಕಲೇಬೇಕು. ಮಣ್ಣು ಗಟ್ಟಿ ಜಾತಿಯದೇ. ಆದರೂ ಚದರ ಮೀಟರ್‌ಗೆ 10 ಟನ್‌ಗಿಂತ ಜಾಸ್ತಿ ಹೊರಿಸಬಾರದು ಅಂತ ಎಂಜಿನಿಯರ್ ಹೇಳಿದ್ದರು. 600×600 ಮಿ.ಮೀ. ಪಾಯ ಹಾಕಿ ನೋಡಿದರೆ, ಪಾಯದ ಸ್ವಂತ ತೂಕವೂ ಸೇರಿ, 10.4 ಟನ್ ಬಂತು. ಕೂದಲೆಳೆಯಲ್ಲಿ ಮೀರಿತು. 700×700 ಮಾಡಿದೆ, 300 ದಪ್ಪ. ಆಗ 7.8 ಟನ್. ತುದಿಯ ಕಂಬಗಳಿಗೆ 400×400 ಸಾಕಾಯಿತು.

ಕೆಳಗೆ 10 ಮಿ.ಮೀ. ಕಂಬಿಯ ಜಾಲರಿ. 16 ಮಿ.ಮೀ.ನ ನಾಲ್ಕು ಆಂಕರ್ ಬೋಲ್ಟುಗಳನ್ನು ಪ್ಲೈವುಡ್ ಅಚ್ಚಿಗೆ ಸಿಕ್ಕಿಸಿ ಕಾಂಕ್ರೀಟಿನಲ್ಲಿ ನಿಲ್ಲಿಸಿದೆ. ಕಾಂಕ್ರೀಟು ಸುರಿಯುವಾಗ ಅಚ್ಚು ಒಂದು ಕಡೆ 4 ಮಿ.ಮೀ. ಸರಿದಿತ್ತು. ಕಂಬದ ಬುಡಕ್ಕೆ ಬರುವ ಬೇಸ್ ಪ್ಲೇಟಿನ ತೂತುಗಳನ್ನು ಮೊದಲೇ 22 ಮಿ.ಮೀ. ಮಾಡಿದ್ದೆ, ಹಾಗಾಗಿ ಬಚಾವಾದೆ. ಎರಡು ವಾರ ನೀರು ಹಾಕಿ ಬಿಟ್ಟೆವು.

ಬೇಸ್ ಪ್ಲೇಟು 200×200, 12 ಮಿ.ಮೀ. ದಪ್ಪ. ಅದನ್ನು ನೇರ ಕಾಂಕ್ರೀಟಿನ ಮೇಲೆ ಕೂರಿಸಲಿಲ್ಲ. ಪ್ಲೇಟಿನ ಕೆಳಗೊಂದು ನಟ್ಟು, ಮೇಲೊಂದು ನಟ್ಟು, ನಡುವೆ 25 ಮಿ.ಮೀ. ಸಂದು. ಕೆಳಗಿನ ನಟ್ಟು ತಿರುಗಿಸಿ ಕಂಬದ ಎತ್ತರವನ್ನು ಮಿಲಿಮೀಟರ್ ಲೆಕ್ಕದಲ್ಲಿ ಸರಿ ಮಾಡಬಹುದು. ಎಲ್ಲ ಸರಿ ಆದ ಮೇಲೆ ಆ ಸಂದಿಗೆ ಕುಗ್ಗದ ಗ್ರೌಟ್ ತುಂಬಿದೆವು. ಸಾದಾ ಸಿಮೆಂಟು ಗಾರೆ ತುಂಬಿದರೆ ಒಣಗಿ ಕುಗ್ಗಿ, ಪ್ಲೇಟಿನ ಕೆಳಗೆ ಕಾಗದ ತೂರಿಸುವಷ್ಟು ಜಾಗ ಬಿಡುತ್ತದೆ. ಆಮೇಲೆ ಭಾರವೆಲ್ಲ ನಾಲ್ಕು ನಟ್ಟುಗಳ ಮೇಲೆ.

ತೂತು ಕೊರೆಯುವ ಶನಿವಾರ

ಬೀಮಿನ ಮೇಲಿನ ಫ್ಲೇಂಜಿಗೆ ಒಂದು ಮರದ ಪಟ್ಟಿ ಬೋಲ್ಟು ಮಾಡಬೇಕು. 100 ಅಗಲ, 50 ದಪ್ಪ. ಅದರ ಮೇಲೆ ಜಂತೆಗಳು ಕೂರುತ್ತವೆ. ಉಕ್ಕಿಗೆ ಮೊಳೆ ಹೊಡೆಯಲು ಆಗುವುದಿಲ್ಲ, ಮರದ ಪಟ್ಟಿಗೆ ಹೊಡೆಯಬಹುದು. ಅದಕ್ಕೇ ಈ ಪಟ್ಟಿ.

ಇದಕ್ಕೆ ಹಾಕುವ ಬೋಲ್ಟುಗಳು ಭಾರ ಹೊರುವುದಿಲ್ಲ ಅನ್ನುವುದು ನನಗೆ ತಡವಾಗಿ ಹೊಳೆಯಿತು. ಭಾರ ಸುಮ್ನೆ ಮೇಲಿನಿಂದ ಕೆಳಕ್ಕೆ ಒತ್ತುತ್ತದೆ, ಮರ ಉಕ್ಕಿನ ಮೇಲೆ ಕೂತಿರುತ್ತದೆ. ಹಾಗಾದರೆ ಬೋಲ್ಟು ಯಾಕೆ? ಬೀಮಿಗೆ ಭಾರ ಬಿದ್ದಾಗ, ಕಂಬಗಳ ನಡುವಿನ ಭಾಗದಲ್ಲಿ, ಅದರ ಮೇಲಿನ ಫ್ಲೇಂಜ್ ಉದ್ದುದ್ದ ಒತ್ತಡಕ್ಕೆ ಸಿಗುತ್ತದೆ. ಅಂದ್ರೆ ಮಲಗಿರುವ ಒಂದು ತೆಳು ಕಂಬದ ಹಾಗೆ. ಮತ್ತೆ ಅದೇ ಪೊರಕೆ ಕಡ್ಡಿ: ಅದು ಪಕ್ಕಕ್ಕೆ ಬಳುಕಲು ನೋಡುತ್ತದೆ. ಜಂತೆಗಳು ಪಟ್ಟಿಯ ಮೂಲಕ ಅದನ್ನು ಎರಡೂ ಕಡೆಯಿಂದ ಹಿಡಿದುಕೊಂಡಿರಬೇಕು. ಆ ಹಿಡಿತ ಬೋಲ್ಟಿನಿಂದ ಬರುತ್ತದೆ. ಅಲ್ಲಲ್ಲಿ ನಾಲ್ಕು ಹಾಕಿ ಕೈ ತೊಳೆದುಕೊಂಡರೆ ಮರ ಕೂತಿರುತ್ತದೆ, ಬೀಮನ್ನು ಹಿಡಿಯುವವರು ಇರುವುದಿಲ್ಲ.

12 ಮಿ.ಮೀ. ಬೋಲ್ಟು. ಮೊದಲು 300 ಮಿ.ಮೀ.ಗೆ ಒಂದರಂತೆ ಎಡ ಬಲ ಎಡ ಬಲ ಅಂತ ಗುರುತು ಹಾಕಿದೆ. ಪಟ್ಟಿಯನ್ನು ನೆಲದ ಮೇಲಿಟ್ಟು ಜಂತೆಗಳ ಜಾಗ ಗೀಚಿದಾಗ ಗೊತ್ತಾಯಿತು, 400ಕ್ಕೊಂದು ಜಂತೆ ಬರುತ್ತದೆ, ಪ್ರತಿ ಮೂರನೇ ಜಂತೆ ಸರಿಯಾಗಿ ಬೋಲ್ಟಿನ ತಲೆ ಮೇಲೆ ಕೂರುತ್ತದೆ. ಗುರುತೆಲ್ಲ ಅಳಿಸಿ ಬೋಲ್ಟನ್ನೂ 400ಕ್ಕೆ ಹಾಕಿದೆ, ಎರಡು ಜಂತೆಗಳ ನಟ್ಟನಡುವೆ. ತಲೆ ಹೂಳಲು ಮರ ಕೊರೆಯುವ ಕೆಲಸವೇ ತಪ್ಪಿತು.

ಎಡ ಬಲ ಬದಲಿಸಿ ಹಾಕುವುದಕ್ಕೂ ಕಾರಣ ಇದೆ. ಒಂದೇ ಸಾಲಿನಲ್ಲಿ ಹಾಕಿದರೆ ಪಟ್ಟಿ ಒಣಗುವಾಗ ಇನ್ನೊಂದು ಅಂಚು ಏಳುತ್ತದೆ. ಎರಡನ್ನೂ ಎದುರೆದುರು ಹಾಕಿದರೆ ಫ್ಲೇಂಜ್ ಒಂದೇ ಕಡೆ ಎರಡು ತೂತು ಕಳೆದುಕೊಳ್ಳುತ್ತದೆ. ನಡುವಿನ ಕಂಬದ ನೇರ ಮೇಲೆ ತೂತು ಬರದ ಹಾಗೂ ನೋಡಿಕೊಂಡೆ. ಅಲ್ಲಿ ಮಾತ್ರ ಮೇಲಿನ ಫ್ಲೇಂಜ್ ಎಳೆತಕ್ಕೆ ಸಿಗುತ್ತದೆ.

ಕೊರೆಯುವ ಕೆಲಸ ಬೀಮ್ ನೆಲದ ಮೇಲಿರುವಾಗಲೇ ಮುಗಿಸಿ. ಏಣಿ ಮೇಲೆ ನಿಂತು 10 ಮಿ.ಮೀ. ಉಕ್ಕು ಕೊರೆಯುವುದು ಕೈ ಮುರಿದುಕೊಳ್ಳುವ ದಾರಿ. ಮೊದಲು 5 ಮಿ.ಮೀ.ನ ಡ್ರಿಲ್ ಬಿಟ್, ಆಮೇಲೆ 13ರದ್ದು. ವೇಗ ಕಡಿಮೆ, ಎಣ್ಣೆ ಧಾರಾಳ. ಡ್ರಿಲ್ ಬಿಟ್ ಆಚೆ ಹೊರಬರುವ ಕೊನೆಯ ಕ್ಷಣ ಇದೆಯಲ್ಲ, ಅಲ್ಲಿ ಅದು ಉಕ್ಕನ್ನು ಕಚ್ಚಿ ಮೆಷಿನನ್ನೇ ತಿರುಗಿಸುತ್ತದೆ. ಆರನೇ ತೂತಿನಲ್ಲಿ ನನ್ನ ಮಣಿಕಟ್ಟು ಹಿಡಿದುಕೊಂಡಿತು. ಉಳಿದದ್ದನ್ನು ತಮ್ಮ ಕೊರೆದ. ಅವನು ಪಕ್ಕದ ಹಿಡಿಯನ್ನು ಮೊಣಕಾಲಿಗೆ ಒತ್ತಿಕೊಂಡು ಕೊರೆಯುತ್ತಿದ್ದ, "ಅಣ್ಣಾ, ನೀನು ಎಣ್ಣೆ ಹಾಕು ಸಾಕು" ಅಂದ. ಕೊನೆಗೆ ತೂತಿನ ಒಳಗೆಲ್ಲ ಸತುವಿನ ಪ್ರೈಮರ್ ಬಳಿದೆವು.

ಅದೇ ಸಂಜೆ ಪರೀಕ್ಷೆಗೆ ಅಂತ ಒಂದು ಬೋಲ್ಟು ಬಿಗಿದೆ. ನಟ್ಟು ಬಿಗಿಯಾಗುತ್ತಾ ಹೋದಂತೆ ಬೋಲ್ಟು ಬಾಗಿತು! ನೋಡಿದರೆ ಫ್ಲೇಂಜಿನ ಒಳಮುಖ ಸಮ ಇಲ್ಲ. ವೆಬ್ಬಿನ (ಎರಡು ಫ್ಲೇಂಜ್‌ಗಳ ನಡುವೆ ನಿಂತ ಭಾಗ) ಹತ್ತಿರ ದಪ್ಪ, ಅಂಚಿಗೆ ತೆಳು, ಸುಮಾರು 8 ಡಿಗ್ರಿ ವಾಟ. ನಟ್ಟು ಒಂದು ಅಂಚಿನ ಮೇಲೆ ಮಾತ್ರ ಕೂರುತ್ತಿತ್ತು, ಇನ್ನೊಂದು ಕಡೆ 3 ಮಿ.ಮೀ. ಸಂದು. ಹಳೆಯ ಮಾದರಿಯ ಬೀಮ್‌ಗಳೆಲ್ಲ ಹೀಗೇ. ಇದಕ್ಕೆಂದೇ ಒಂದು ಕಡೆ ದಪ್ಪ ಒಂದು ಕಡೆ ತೆಳು ಇರುವ ಚೌಕದ ಟೇಪರ್ ವಾಷರ್ ಬರುತ್ತದೆ. ದಪ್ಪ ಭಾಗ ಫ್ಲೇಂಜಿನ ಅಂಚಿನ ಕಡೆಗೆ ಬರಬೇಕು. ತಿರುಗಿಸಿ ಹಾಕಿದರೆ ವಾಟ ದುಪ್ಪಟ್ಟಾಗುತ್ತದೆ. ಹೌದು, ಎರಡು ಕಡೆ ನಾನು ತಿರುಗಿಸಿಯೇ ಹಾಕಿದ್ದೆ. ಫ್ಲೇಂಜ್ ಸಮ ದಪ್ಪ ಇರುವ ಬೀಮ್ ಸಿಕ್ಕರೆ ಈ ತಲೆನೋವೇ ಇಲ್ಲ.

ಮರ ಮತ್ತು ಉಕ್ಕಿನ ನಡುವೆ ಒಂದು ಡಾಂಬರಿನ ಫೆಲ್ಟ್ ಪಟ್ಟಿ ಹಾಸಿದೆ. ಹುಳ ಹಿಡಿಯದಂತೆ ತಾಮ್ರದ ಉಪ್ಪು ಉಣಿಸಿದ ಮರ ಬಳಸಿದರೆ ಇದು ಬೇಕೇ ಬೇಕು, ಆ ಉಪ್ಪು ಉಕ್ಕನ್ನು ತಿನ್ನುತ್ತದೆ. ಬೋಲ್ಟುಗಳೂ ದಪ್ಪ ಸತುವಿನ ಲೇಪದವೇ ಆಗಬೇಕು.

ಎತ್ತಿದ್ದು

ಬೀಮಿನ ತೂಕ 150 ಕೆ.ಜಿ. ಎರಡು ಕಡೆ ಸ್ಕ್ಯಾಫೋಲ್ಡಿಂಗ್ ಗೋಪುರ, ಎರಡು ಚೈನ್ ಬ್ಲಾಕ್. ಒಂದು ಕಡೆ ಒಂದಡಿ, ಇನ್ನೊಂದು ಕಡೆ ಒಂದಡಿ, ಹೀಗೆ ಮೇಲೇರಿಸಿದೆವು. ಕಂಬದ ತಲೆಯ ಪ್ಲೇಟಿಗೆ ನಾಲ್ಕು ಬೋಲ್ಟು. ಅರ್ಧ ದಿನದ ಕೆಲಸ, ಅಷ್ಟೇನೂ ಹೇಳುವಂಥದ್ದಲ್ಲ.

ಹೇಳಬೇಕಾದ್ದು ಆಮೇಲಿನದು. ಮೂರು ಕಂಬ, ಮೇಲೊಂದು ಬೀಮ್. ಕೈಯಲ್ಲಿ ಪಕ್ಕಕ್ಕೆ ತಳ್ಳಿದೆ. ಇಡೀ ಸಾಲು ತೂಗಿತು! ಬೇಸ್ ಪ್ಲೇಟಿಗೆ ನಾಲ್ಕು ಬೋಲ್ಟು ಇದ್ದರೂ ಅಷ್ಟು ಉದ್ದದ ಕಂಬದ ತಲೆಯನ್ನು ಅವು ಹಿಡಿಯಲಾರವು. ಆಯ್ಲರನ ಲೆಕ್ಕದಲ್ಲಿ ಕಂಬದ ತಲೆ ಪಕ್ಕಕ್ಕೆ ಸರಿಯುವುದಿಲ್ಲ ಅಂತ ನಾವು ಹಿಡಿದಿದ್ದೆವು. ತಲೆ ಸರಿಯುವ ಹಾಗಿದ್ದರೆ ಕಂಬದ ಉದ್ದವನ್ನು ದುಪ್ಪಟ್ಟು ಅಂತ ಲೆಕ್ಕ ಹಾಕಬೇಕು, ಅಂದರೆ ಶಕ್ತಿ ಕಾಲು ಭಾಗ. ತಕ್ಷಣ ಎರಡು ಉದ್ದನೆಯ ಮರಗಳನ್ನು ಓರೆಯಾಗಿ ಕಟ್ಟಿ ನಿಲ್ಲಿಸಿದೆವು. ಎಲ್ಲ ಜಂತೆಗಳೂ ಕೂತು, ಹಲಗೆ ಬಡಿದು, ಗೋಡೆಗೆ ಬಿಗಿ ಆಗುವ ತನಕ ಅವನ್ನು ತೆಗೆಯಲಿಲ್ಲ.

ಲೆವೆಲ್ ನೋಡಲು ಒಂದಿಡೀ ಮಧ್ಯಾಹ್ನ ಹೋಯಿತು. ಟ್ಯೂಬ್ ಲೆವೆಲ್‌ನಲ್ಲಿ ನೋಡಿದರೆ ನಡುವಿನ ಕಂಬದ ತಲೆ 3 ಮಿ.ಮೀ. ಎತ್ತರ. ಅಂದರೆ 300 ಕೆ.ಜಿ. ಸುಮ್ನೆ. ಬೇಸ್ ಪ್ಲೇಟಿನ ಕೆಳಗಿನ ನಾಲ್ಕೂ ನಟ್ಟುಗಳನ್ನು ಸಮವಾಗಿ ಇಳಿಸಿದೆ. ತೂಗುಗುಂಡು ಬಿಟ್ಟು ಎರಡು ದಿಕ್ಕಿನಲ್ಲೂ ನೇರ ಇದೆಯಾ ನೋಡಿದೆ. ಮತ್ತೆ ಲೆವೆಲ್. ಮತ್ತೆ ಗುಂಡು. ಸಂಜೆ ಹೊತ್ತಿಗೆ ಮೂರೂ ಕಂಬ ಒಂದು ಮಿಲಿಮೀಟರ್ ಒಳಗೆ ಬಂದವು. ಆಮೇಲೆ ಗ್ರೌಟ್.

ಜಂತೆಗಳು

50×150 ಮಿ.ಮೀ. ಜಂತೆ, 400ಕ್ಕೊಂದು. ಪೂರ್ತಿ ಭಾರ ಬಿದ್ದರೆ ಸುಮಾರು 6 ಮಿ.ಮೀ. ಜಗ್ಗುತ್ತದೆ, ಪರವಾಗಿಲ್ಲ. ಗೋಡೆ ಕಡೆ ಒಂದು ಮರದ ಪಟ್ಟಿಯನ್ನು ಆಂಕರ್ ಹಾಕಿ ಗೋಡೆಗೆ ಬಿಗಿದು, ಅದಕ್ಕೆ ತಗಡಿನ ಹ್ಯಾಂಗರ್ ಹೊಡೆದು ಅದರೊಳಗೆ ಜಂತೆ ಕೂರಿಸಿದೆ.

ಬೀಮಿನ ಮೇಲೆ ಎರಡೂ ಕಡೆಯ ಜಂತೆಗಳನ್ನು ತಲೆಗೆ ತಲೆ ಜೋಡಿಸಿದರೆ ಒಂದೊಂದಕ್ಕೆ 50 ಮಿ.ಮೀ. ಮಾತ್ರ ಆಸರೆ ಸಿಗುತ್ತದೆ. ಮೊಳೆ ಹೊಡೆದರೆ ತುದಿ ಸೀಳುತ್ತದೆ. ಅದರ ಬದಲು ಪಕ್ಕ ಪಕ್ಕ ದಾಟಿಸಿ ಕೂರಿಸಿದೆ. ಪೂರ್ತಿ 100 ಮಿ.ಮೀ. ಆಸರೆ, ಎರಡನ್ನೂ ಸೇರಿಸಿ ಬಿಗಿಯಲೂಬಹುದು. ಪ್ರತಿ ಜಂತೆಯನ್ನೂ ಎಲ್ ಕ್ಲೀಟ್ (L ಆಕಾರದ ಲೋಹದ ತುಂಡು) ಹಾಕಿ ಪಟ್ಟಿಗೆ ಹಿಡಿಸಿದೆ. ಜಂತೆಗಳ ನಡುವೆ ಗಟ್ಟಿ ಮರದ ತುಂಡು ಬಡಿದೆ, ಅವು ಮಗುಚದ ಹಾಗೆ.

ಒಂದು ಮರೆತೆ. ಪಕ್ಕ ಪಕ್ಕ ಕೂರಿಸಿದರೆ ಒಂದು ಕಡೆಯ ಸಾಲು ಇನ್ನೊಂದಕ್ಕಿಂತ 50 ಮಿ.ಮೀ. ಸರಿದಿರುತ್ತದೆ. ಪ್ಲೈ ಹಾಳೆಯ ಅಂಚು ಒಂದು ಕಡೆ ಜಂತೆಯ ನಡುವೆ ಸರಿಯಾಗಿ ಬಂತು, ಇನ್ನೊಂದು ಕಡೆ ಗಾಳಿಯಲ್ಲಿ ನಿಂತಿತು. ಜಂತೆಯ ಪಕ್ಕಕ್ಕೆ ರೀಪು ಹೊಡೆದು ತೇಪೆ ಹಾಕಿದೆ. ಮೊದಲೇ ಯೋಚಿಸಿ ಗೋಡೆಯ ಕಡೆಯಿಂದ ಗುರುತನ್ನು 50 ಸರಿಸಿದ್ದರೆ ಅರ್ಧ ದಿನ ಉಳಿಯುತ್ತಿತ್ತು.

ಬೀಮಿನ ಕೆಳಗೆ ಒಂದು ಕಡೆ ಧೂಳು ತಡೆಯಲು ಮರದ ಚೌಕಟ್ಟಿನ ಗೋಡೆ ಕಟ್ಟಿದೆವು. ಅದರ ಮೇಲಿನ ಪಟ್ಟಿ ಬೀಮಿಗೆ ತಾಗದ ಹಾಗೆ 10 ಮಿ.ಮೀ. ಬಿಟ್ಟು, ಪಕ್ಕಕ್ಕೆ ಮಾತ್ರ ಹಿಡಿಯುವ ಕ್ಲಿಪ್ ಹಾಕಿದೆ. ಬಿಗಿಯಾಗಿ ತುರುಕಿದ್ದರೆ ಬೀಮಿನ ಭಾರ ಈ ಗೋಡೆಯ ಮೂಲಕ ಪಾಯವೇ ಇಲ್ಲದ ನೆಲಕ್ಕೆ ಇಳಿಯುತ್ತಿತ್ತು. ಗೋಡೆಯ ಒಂದು ತುದಿಯನ್ನು ಕಂಬಕ್ಕೆ ಹಿಡಿಸಲು ರೆಕ್ಕೆ ಇರುವ ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂ ಬಳಸಿದೆ. ರೆಕ್ಕೆ ಮರವನ್ನು ಅಗಲವಾಗಿ ಕೊರೆದು, ಉಕ್ಕಿಗೆ ತಾಗಿದ ಕೂಡಲೇ ಮುರಿದು ಬೀಳುತ್ತದೆ. ಸ್ಕ್ರೂ ಮುಂದೆ ಹೋಗುತ್ತದೆ. ಚೆಂದದ ಉಪಾಯ.

ಏಳು ತಿಂಗಳ ಮೇಲೆ

ಅಟ್ಟ ಮುಗಿದು ಏಳು ತಿಂಗಳಿಗೆ ಕಿರ್ ಕಿರ್ ಅನ್ನುವ ಸದ್ದು ಶುರುವಾಯಿತು. ಬೀಮಿನ ಮೇಲೆ ಕಾಲಿಟ್ಟಾಗ ಮಾತ್ರ. ಕೆಳಗಿನಿಂದ ಏಣಿ ಹಾಕಿ ನೋಡಿದೆ. ಮರದ ಪಟ್ಟಿ ಹಿಡಿದ ಬೋಲ್ಟುಗಳಲ್ಲಿ ಮೊದಲ ನಟ್ಟು ಬೆರಳಲ್ಲೇ ತಿರುಗಿತು. ಎರಡನೆಯದೂ. ಹದಿನೈದರಲ್ಲಿ ಹನ್ನೊಂದು ಸಡಿಲ.

ಯಾರೂ ಸಡಿಲ ಮಾಡಿದ್ದಲ್ಲ. ಮರ ತಂದಾಗ ತೇವದ ಮೀಟರ್ 22 ತೋರಿಸಿತ್ತು. ಈಗ 13. ಮರದಲ್ಲಿ ತೇವ ಶೇಕಡಾ 1 ಇಳಿದರೆ ಅಡ್ಡ ನಾರಿನಲ್ಲಿ ಅದು ಸುಮಾರು ಶೇಕಡಾ ಕಾಲು ಭಾಗ ಕುಗ್ಗುತ್ತದೆ. 9 ಇಳಿದಿದೆ, 50 ಮಿ.ಮೀ. ಪಟ್ಟಿ 1.1 ಮಿ.ಮೀ. ತೆಳುವಾಗಿದೆ. ಉಕ್ಕು ಹಾಗೇ ಇದೆ, ಬೋಲ್ಟೂ ಹಾಗೇ ಇದೆ. ಸ್ಪ್ರಿಂಗ್ ವಾಷರ್ ಹಾಕಿದ್ದೆ, ಆದರೆ 1 ಮಿ.ಮೀ. ಬಿಟ್ಟುಕೊಟ್ಟರೆ ಅದೂ ಸೋಲುತ್ತದೆ. 12 ಮಿ.ಮೀ. ಬೋಲ್ಟಿನ ಒಂದು ಸುತ್ತಿಗೆ ನಟ್ಟು 1.75 ಮಿ.ಮೀ. ಸರಿಯುತ್ತದೆ. ಹಾಗಾದರೆ ಅರ್ಧ ಸುತ್ತಿಗಿಂತ ಸ್ವಲ್ಪ ಜಾಸ್ತಿ ತಿರುಗಿಸಿದರೆ ಸರಿಹೋಗಬೇಕು. ಪಾನಾ ಹಾಕಿ ತಿರುಗಿಸಿದೆ. ಹೆಚ್ಚಿನವು ಅಷ್ಟಕ್ಕೇ ಬಿಗಿ ಬಂದವು. ಲೆಕ್ಕ ಕೈಗೆ ಸಿಕ್ಕಿದ್ದು ನೋಡಿ ಖುಷಿ ಆಯಿತು.

ಜಂತೆಗಳೂ 150ಕ್ಕೆ 3.4 ಮಿ.ಮೀ. ಕುಗ್ಗಿವೆ. ಗೋಡೆ ಕಡೆಯೂ ಅಷ್ಟೇ ಕುಗ್ಗಿರುವುದರಿಂದ ನೆಲ ಓರೆ ಆಗಲಿಲ್ಲ. ಮೆಟ್ಟಿಲಿನ ಕೊನೆಯ ಉಕ್ಕಿನ ಮೆಟ್ಟು ಮಾತ್ರ ನೆಲಕ್ಕಿಂತ ಒಂದಿಷ್ಟು ಎದ್ದು ಕಾಲಿಗೆ ತಾಗುತ್ತಿದೆ. ಜಂತೆಗಳನ್ನು ಬೀಮಿನ ಪಕ್ಕಕ್ಕೆ, ಅದರ ಮೇಲ್ಮೈಗೆ ಸಮವಾಗಿ ಕೂರಿಸುವವರಿಗೆ ಇದು ದೊಡ್ಡ ತೊಂದರೆ. ಮರ ಕುಗ್ಗಿದ ಮೇಲೆ ನೆಲದ ನಡುವೆ ಉಕ್ಕು ಬೆನ್ನುಮೂಳೆಯ ಹಾಗೆ ಎದ್ದು ಕಾಣುತ್ತದೆ. ಹಾಗೆ ಮಾಡುವುದಾದರೆ ಜಂತೆಯ ಮೇಲ್ಮೈ ಬೀಮಿಗಿಂತ 6ರಿಂದ 10 ಮಿ.ಮೀ. ಎತ್ತರ ಇರಲಿ.

ಈ ಸಲ ಎಲ್ಲ ಬೋಲ್ಟಿಗೂ ಎರಡನೇ ನಟ್ಟು ಹಾಕಿದೆ. ಮೀಟರ್ ಇನ್ನೂ ಒಂದೆರಡು ಅಂಕ ಇಳಿಯಬಹುದು. ಪಾನಾವನ್ನು ನಡುವಿನ ಕಂಬಕ್ಕೇ ಒಂದು ಮೊಳೆ ವೆಲ್ಡ್ ಮಾಡಿ ನೇತುಹಾಕಿದ್ದೇನೆ.